ಹೆಸರಿಲ್ಲದವಳ ಮೇಲೊಂದು ಆರೋಪಪಟ್ಟಿ

ಕ್ರಿಸ್ತಪೂರ್ವ 598ನೇ ಇಸವಿ. ಯಾಂಗ್ತ್ಸೆ ನದಿಯ ಸೀಮೆಯ ಬಲಿಷ್ಠ ರಾಜ್ಯ ಚು, ತನ್ನ ಉತ್ತರಕ್ಕಿದ್ದ ಚೆನ್ ಎಂಬ ಪುಟ್ಟ ರಾಜ್ಯದ ಮೇಲೆ ದಂಡೆತ್ತಿ ಹೋಗಿ ಗೆದ್ದಿತು. ಗೆದ್ದವರ ಕೈಸೇರಿದವರಲ್ಲಿ ಒಬ್ಬ ವಿಧವೆಯೂ ಇದ್ದಳು. ಚು ದೊರೆ ಝುವಾಂಗ್ ಆಕೆಯನ್ನು ಅಂತಃಪುರಕ್ಕೆ ಸೇರಿಸಿಕೊಳ್ಳಲು ಮನಸ್ಸು ಮಾಡಿದ. ವುಚೆನ್ ಎಂಬ ಅಧಿಕಾರಿ ಅಡ್ಡಬಂದ. ಅಪರಾಧಿಯನ್ನು ದಂಡಿಸುವುದಾಗಿ ಹೇಳಿ ಸಾಮಂತರನ್ನೆಲ್ಲ ಕರೆದುತಂದು, ಈಗ ಈಕೆಯನ್ನು ಇಟ್ಟುಕೊಂಡರೆ ಹೆಣ್ಣಿನ ಆಸೆಗೇ ಯುದ್ಧ ಮಾಡಿದಂತಾಗುತ್ತದೆ ಎಂದು ಬುದ್ಧಿ ಹೇಳಿದ. ದೊರೆ ಸುಮ್ಮನಾದ. ಆಮೇಲೆ ಜಿಫಾನ್ ಎಂಬ ಸೇನಾನಾಯಕ ಆಕೆ ತನಗಿರಲಿ ಎಂದ. ಆತನೆದುರು ವುಚೆನ್ ಒಂದು ಆರೋಪಪಟ್ಟಿಯನ್ನೇ ಓದಿದ. ಈಕೆ ಅಪಶಕುನದ ಹೆಂಗಸು. ಈಕೆಯಿಂದ ಜಿಮಾನ್ ಎಂಬಾತ ಅಕಾಲದಲ್ಲಿ ಸತ್ತ, ಗಂಡ ಯುಶು ಸತ್ತ, ಚೆನ್ ದೊರೆ ಲಿಂಗ್ ಕೊಲೆಯಾದ, ಮಗ ಮರಣದಂಡನೆಗೆ ಗುರಿಯಾದ, ಇಬ್ಬರು ಮಂತ್ರಿಗಳು ದೇಶಭ್ರಷ್ಟರಾದರು, ಕೊನೆಗೆ ಚೆನ್ ರಾಜ್ಯವೇ ಕೈಬಿಟ್ಟಿತು. ಲೋಕದಲ್ಲಿ ಬೇರೆ ಸುಂದರಿಯರೇ ಇಲ್ಲವೇ? ಜಿಫಾನ್ ಹೆದರಿ ಹಿಂದೆ ಸರಿದ.

ಒಂಬತ್ತು ವರ್ಷಗಳ ನಂತರ, ಕ್ರಿ.ಪೂ. 589ರಲ್ಲಿ, ಇದೇ ವುಚೆನ್ ಮನೆಯಲ್ಲಿದ್ದುದನ್ನೆಲ್ಲ ಕಟ್ಟಿಕೊಂಡು, ಪದವಿಯನ್ನೂ ಬಂಧುಬಳಗವನ್ನೂ ಬಿಟ್ಟು, ಅದೇ ಹೆಂಗಸಿನೊಂದಿಗೆ ಶತ್ರುರಾಜ್ಯವಾದ ಜಿನ್‌ಗೆ ಓಡಿಹೋದ.

ಆಕೆಯನ್ನು ಚರಿತ್ರೆ ಶಿಯಾ ಜಿ ಎಂದು ಕರೆಯುತ್ತದೆ. ಚೀನಾದ ಹಳೆಯ ಸಾಹಿತ್ಯದಲ್ಲಿ ರಾಜ್ಯಗಳನ್ನು ಕೆಡಿಸಿದ ಸುಂದರಿಯರದೇ ಒಂದು ಸಾಲು ಇದೆ. ಶಾಂಗ್ ವಂಶದ ಕೊನೆಯ ದೊರೆಯ ದಾಜಿ, ಝೌ ದೊರೆಯನ್ನು ನಗೆಗಾಗಿ ಕುಣಿಸಿದಳೆನ್ನುವ ಬಾವೋ ಸಿ, ಇವರೆಲ್ಲ ಆ ಸಾಲಿನವರು. ಆದರೆ ಶಿಯಾ ಜಿಯ ಕತೆ ದಂತಕತೆಯಾಗುವ ಮುನ್ನ ವರ್ಷವಾರು ದಾಖಲೆಯಾಗಿತ್ತು ಎಂಬುದು ವಿಶೇಷ. ಕ್ರಿ.ಪೂ. ನಾಲ್ಕನೇ ಶತಮಾನದ ಹೊತ್ತಿಗೆ ಸಿದ್ಧವಾಯಿತೆನ್ನಲಾಗುವ 'ಜುವೊ ಜುವಾನ್' ಎಂಬ ಇತಿಹಾಸ ಗ್ರಂಥದಲ್ಲಿ ಅದು ಹಲವು ಕಡೆ ಚದುರಿ ಬಿದ್ದಿದೆ. ಕಳೆದ ಶತಮಾನದಲ್ಲಿ ಇಬ್ಬರು ಜಪಾನೀ ಲೇಖಕರು, ಸುಮಾರು ಐವತ್ತು ವರ್ಷಗಳ ಅಂತರದಲ್ಲಿ, ಆ ಚೂರುಗಳನ್ನು ಕೈಗೆತ್ತಿಕೊಂಡು ಎರಡು ಬೇರೆ ಬೇರೆ ಹೆಂಗಸರನ್ನು ಕಟ್ಟಿದರು. ಒಬ್ಬರು ಬರೆದದ್ದು ಕೆಲವೇ ಪುಟಗಳ ಸಣ್ಣಕತೆ. ಇನ್ನೊಬ್ಬರದು ಎರಡು ಸಂಪುಟಗಳ ಕಾದಂಬರಿ.

ಮೊದಲು ಹೆಸರಿನ ವಿಷಯ. ಶಿಯಾ ಎಂಬುದು ಗಂಡನ ಮನೆತನದ ಹೆಸರು. ಜಿ ಎಂಬುದು ತವರಿನ ಕುಲನಾಮ. ಆಕೆ ಝೆಂಗ್ ರಾಜ್ಯದ ದೊರೆ ಮು ಎಂಬಾತನ ಮಗಳು, ಆ ರಾಜಮನೆತನ ಜಿ ಕುಲದ್ದು. ಅಂದರೆ 'ಶಿಯಾ ಮನೆಗೆ ಕೊಟ್ಟ ಜಿ ಕುಲದ ಹೆಣ್ಣು' ಎಂದಷ್ಟೇ ಅರ್ಥ. ತಾಯಿ ಕರೆಯುತ್ತಿದ್ದ ಹೆಸರು ಯಾವುದೆಂದು ಯಾರೂ ಬರೆದಿಡಲಿಲ್ಲ.

ಚೆನ್ ರಾಜ್ಯದಲ್ಲಿ ನಡೆದದ್ದನ್ನು ಗ್ರಂಥ ಯಾವ ಸಂಕೋಚವೂ ಇಲ್ಲದೆ ಹೇಳುತ್ತದೆ. ಗಂಡ ತೀರಿಕೊಂಡ ಮೇಲೆ ದೊರೆ ಲಿಂಗ್ ಮತ್ತು ಅವನ ಇಬ್ಬರು ಮಂತ್ರಿಗಳು, ಮೂವರೂ ಆಕೆಯ ಮನೆಗೆ ಹೋಗಿಬರುತ್ತಿದ್ದರು. ಸಾಲದ್ದಕ್ಕೆ ಆಕೆಯ ಒಳ ಉಡುಪುಗಳನ್ನು ಮೈಮೇಲೆ ಹಾಕಿಕೊಂಡು ಬಂದು ಆಸ್ಥಾನದಲ್ಲೇ ತಮಾಷೆ ಮಾಡುತ್ತಿದ್ದರು. ಪ್ರಜೆಗಳ ಮುಂದೆ ಇದೆಂಥ ನಡತೆ ಎಂದು ಪ್ರಶ್ನಿಸಿದ ಒಬ್ಬ ಅಧಿಕಾರಿಯನ್ನು ಕ್ರಿ.ಪೂ. 600ರಲ್ಲಿ ಕೊಲ್ಲಲಾಯಿತು. ಮರುವರ್ಷ ಅದೇ ಮನೆಯಲ್ಲಿ ಕುಡಿಯುತ್ತ ಕುಳಿತಿದ್ದಾಗ ದೊರೆ ಒಬ್ಬ ಮಂತ್ರಿಯತ್ತ ತಿರುಗಿ, ಈ ಮನೆಯ ಹುಡುಗ ನಿನ್ನನ್ನೇ ಹೋಲುತ್ತಾನಲ್ಲ ಎಂದ. ತಮ್ಮನ್ನೂ ಹೋಲುತ್ತಾನೆ ಎಂದು ಮಂತ್ರಿ ಉತ್ತರಿಸಿದ. ಆ ಹುಡುಗ, ಶಿಯಾ ಜಿಯ ಮಗ ಝೆಂಗ್‌ಶು, ಅಲ್ಲೇ ಇದ್ದ. ದೊರೆ ಹೊರಡುವಾಗ ಕುದುರೆಲಾಯದಿಂದ ಬಾಣ ಬಿಟ್ಟು ಕೊಂದ. ಮಂತ್ರಿಗಳಿಬ್ಬರೂ ಚು ರಾಜ್ಯಕ್ಕೆ ಓಡಿದರು. ಅದನ್ನೇ ನೆಪ ಮಾಡಿಕೊಂಡು ಚು ಸೈನ್ಯ ಬಂತು. ಮಗನನ್ನು ರಥಗಳಿಗೆ ಕಟ್ಟಿ ಎಳೆಸಿ ಕೊಂದರು. ತಾಯಿಯನ್ನು ಕೊಂಡೊಯ್ದರು.

ಈ ಇಡೀ ಪ್ರಕರಣದಲ್ಲಿ ಆಕೆ ಏನು ಮಾಡಿದಳು? ಏನು ಹೇಳಿದಳು? ಗ್ರಂಥದಲ್ಲಿ ಒಂದು ಅಕ್ಷರವೂ ಇಲ್ಲ. ಬರುವವರು ದೊರೆ ಮತ್ತು ಮಂತ್ರಿಗಳು. ಬೇಡವೆನ್ನುವ ಸ್ವಾತಂತ್ರ್ಯ ಒಬ್ಬ ವಿಧವೆಗೆ ಎಷ್ಟರಮಟ್ಟಿಗೆ ಇತ್ತು ಎಂಬ ಪ್ರಶ್ನೆಯನ್ನೂ ಗ್ರಂಥ ಎತ್ತುವುದಿಲ್ಲ.

ಮುಂದಿನ ಭಾಗ ಪತ್ತೇದಾರಿ ಕತೆಯಂತಿದೆ. ಝುವಾಂಗ್ ದೊರೆ ಆಕೆಯನ್ನು ಶಿಯಾಂಗ್ ಲಾವ್ ಎಂಬ ಅಧಿಕಾರಿಗೆ ಕೊಟ್ಟ. ಮರುವರ್ಷವೇ, ಕ್ರಿ.ಪೂ. 597ರಲ್ಲಿ, ಚು ಮತ್ತು ಜಿನ್ ನಡುವಿನ ಬಿ ಎಂಬಲ್ಲಿನ ದೊಡ್ಡ ಯುದ್ಧದಲ್ಲಿ ಆತ ಸತ್ತ. ಹೆಣ ಜಿನ್ ಸೈನ್ಯದ ಪಾಲಾಯಿತು. ಅತ್ತ ಹೆಣ ಬರುವ ಮೊದಲೇ ಇತ್ತ ಸತ್ತವನ ಮಗನೇ ಆಕೆಯೊಡನೆ ಸಂಬಂಧ ಬೆಳೆಸಿದ. ಆಗ ವುಚೆನ್ ಗುಟ್ಟಾಗಿ ಆಕೆಗೆ ಹೇಳಿಕಳಿಸಿದ: ತವರಿಗೆ ಹೋಗು, ನಾನು ನಿನ್ನನ್ನು ಮದುವೆಯಾಗುತ್ತೇನೆ. ತವರಾದ ಝೆಂಗ್‌ನಿಂದಲೂ ಅವನೇ ಒಂದು ಕರೆ ಬರುವಂತೆ ಮಾಡಿದ. ಗಂಡನ ಹೆಣ ಸಿಗುವ ಸಾಧ್ಯತೆ ಇದೆ, ಹೆಂಡತಿಯೇ ಬಂದು ಪಡೆಯಬೇಕು ಎಂದು. ದೊರೆ ಇದು ನಿಜವೇ ಎಂದು ಕೇಳಿದ್ದೂ ವುಚೆನ್‌ನನ್ನೇ! ಜಿನ್‌ನವರ ಒಬ್ಬ ಗಣ್ಯ ನಮ್ಮ ಸೆರೆಯಲ್ಲಿದ್ದಾನೆ, ಅವನ ಬದಲಿಗೆ ಅವರು ಹೆಣ ಕೊಟ್ಟಾರು ಎಂದು ವುಚೆನ್ ಸಮಾಧಾನ ಹೇಳಿದ. ದೊರೆ ನಂಬಿ ಕಳಿಸಿಕೊಟ್ಟ.

ಹೊರಡುವಾಗ ಶಿಯಾ ಜಿ ತನ್ನನ್ನು ಬೀಳ್ಕೊಡಲು ಬಂದವರಿಗೆ, ಹೆಣ ಸಿಗದೆ ತಾನು ಮರಳಿ ಬರುವುದಿಲ್ಲ ಎಂದಳು. ಇಡೀ ಗ್ರಂಥದಲ್ಲಿ ಆಕೆಯ ಬಾಯಿಂದ ಬಂದ ಮಾತು ಇದೊಂದೇ. ಅದು ಪತಿಭಕ್ತಿಯ ಮಾತಿನಂತೆ ಕೇಳಿಸುತ್ತದೆ. ವುಚೆನ್‌ನ ಹಂಚಿಕೆ ಗೊತ್ತಿದ್ದವರಿಗೆ ಬೇರೆಯೇ ಕೇಳಿಸುತ್ತದೆ. ಅದನ್ನು ಆಕೆ ಹೇಳಿಕೊಟ್ಟಂತೆ ಹೇಳಿದಳೋ, ತಾನೇ ಯೋಚಿಸಿ ಹೇಳಿದಳೋ? ಕಾದಂಬರಿಕಾರನೊಬ್ಬ ನುಗ್ಗಲು ಇಷ್ಟು ಕಿಂಡಿ ಸಾಕು.

ಕೆಲವು ವರ್ಷ ಕಾದು, ಹೊಸ ದೊರೆಯ ಕಾಲದಲ್ಲಿ ಚಿ ರಾಜ್ಯಕ್ಕೆ ರಾಯಭಾರಿಯಾಗಿ ಹೊರಟ ವುಚೆನ್, ದಾರಿಯಲ್ಲಿ ಝೆಂಗ್‌ನಲ್ಲಿ ಇಳಿದು, ಸಹಾಯಕನ ಕೈಲಿ ಕಾಣಿಕೆಗಳನ್ನು ಹಿಂದಕ್ಕೆ ಕಳಿಸಿ, ಆಕೆಯನ್ನು ಕರೆದುಕೊಂಡು ನಡೆದೇಬಿಟ್ಟ. ಜಿನ್ ರಾಜ್ಯ ಅವನಿಗೆ ಒಂದು ಊರನ್ನೇ ಕೊಟ್ಟಿತು. ಚುನಲ್ಲಿ ಉಳಿದಿದ್ದ ಅವನ ಬಂಧುಗಳನ್ನು ಜಿಫಾನ್ ಮತ್ತು ಅವನ ಜತೆಗಾರರು ಕೊಂದು ಆಸ್ತಿ ಹಂಚಿಕೊಂಡರು. ನಿಮ್ಮನ್ನು ಓಡಿಸಿ ಓಡಿಸಿ ದಣಿಸಿ ಸಾಯಿಸುತ್ತೇನೆ ಎಂದು ಪತ್ರ ಬರೆದ ವುಚೆನ್, ಕ್ರಿ.ಪೂ. 584ರಲ್ಲಿ ಕರಾವಳಿಯ ವೂ ರಾಜ್ಯಕ್ಕೆ ಹೋಗಿ ಅಲ್ಲಿನವರಿಗೆ ರಥಯುದ್ಧ ಕಲಿಸಿದ. ಆ ವರ್ಷ ಚು ಸೇನಾನಾಯಕರು ಗಡಿಗೆ ಏಳು ಸಲ ಓಡಬೇಕಾಯಿತಂತೆ. ಆಜ್ಞೆಗಳ ಹಿಂದೆ ಓಡಿ ಬಳಲುವುದು ಎಂಬ ನುಡಿಗಟ್ಟು ಚೀನೀ ಭಾಷೆಯಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಅದರ ಮೂಲ ಇದೇ ಪ್ರಸಂಗ. ಕ್ರಿ.ಪೂ. 506ರಲ್ಲಿ ಚು ರಾಜಧಾನಿಯನ್ನು ಹಿಡಿದದ್ದೂ ಇದೇ ವೂ ಸೈನ್ಯ.

ಆರೋಪಪಟ್ಟಿ ಅಲ್ಲಿಗೂ ಮುಗಿಯಲಿಲ್ಲ. ವುಚೆನ್‌ಗೆ ಶಿಯಾ ಜಿಯಲ್ಲಿ ಹುಟ್ಟಿದ ಮಗಳನ್ನು ಜಿನ್ ರಾಜ್ಯದ ಹೆಸರಾಂತ ಮುತ್ಸದ್ದಿ ಶುಶಿಯಾಂಗ್ ಮದುವೆಯಾಗಬಯಸಿದ. ಆತನ ತಾಯಿ ಬೇಡವೆಂದಳು. ಕಾರಣ? ಮತ್ತದೇ ಲೆಕ್ಕ: ಮೂವರು ಗಂಡಂದಿರು, ಒಬ್ಬ ದೊರೆ, ಒಬ್ಬ ಮಗ, ಒಂದು ರಾಜ್ಯ, ಇಬ್ಬರು ಮಂತ್ರಿಗಳು. ಶುಶಿಯಾಂಗ್ ಅಂಜಿದರೂ ದೊರೆಯ ಒತ್ತಾಯದಿಂದ ಮದುವೆಯಾಯಿತು. ಮೊಮ್ಮಗು ಹುಟ್ಟಿದಾಗ ಅಜ್ಜಿ ನೋಡಲು ಹೋದವಳು, ಬಾಗಿಲಲ್ಲೇ ಅಳು ಕೇಳಿ ಇದು ತೋಳದ ದನಿ ಎಂದು ಹಿಂದಿರುಗಿದಳಂತೆ. ಕ್ರಿ.ಪೂ. 514ರಲ್ಲಿ ಆ ಮನೆತನ ಜಿನ್‌ನ ಒಳಜಗಳದಲ್ಲಿ ನಾಶವಾದಾಗ, ಗ್ರಂಥ ಈ ಕತೆಯನ್ನು ನೆನಪಿಸಿಕೊಂಡು ಹೇಳುತ್ತದೆ. ಎಂಬತ್ತನಾಲ್ಕು ವರ್ಷ ಹಿಂದೆ ವುಚೆನ್ ಪ್ರತಿಸ್ಪರ್ಧಿಯನ್ನು ಹೆದರಿಸಲು ಕಟ್ಟಿದ ಮಾತು, ಅಷ್ಟರಲ್ಲಿ ವಂಶಪಾರಂಪರ್ಯ ಶಾಪವಾಗಿತ್ತು.

ನಂತರದವರು ಪಟ್ಟಿಗೆ ಸೇರಿಸುತ್ತಲೇ ಹೋದರು. ಹಾನ್ ಕಾಲದ ವಿದ್ವಾಂಸ ಲಿಯು ಶಿಯಾಂಗ್ ಸ್ತ್ರೀಯರ ಜೀವನಚರಿತ್ರೆಗಳನ್ನು ಸಂಗ್ರಹಿಸಿದಾಗ, ಶಿಯಾ ಜಿಗೆ ಜಾಗ ಸಿಕ್ಕಿದ್ದು ಕೆಟ್ಟ ಹೆಂಗಸರ ಅಧ್ಯಾಯದಲ್ಲಿ. ಮೂರು ಸಲ ರಾಣಿ, ಏಳು ಸಲ ಹೆಂಡತಿ ಎಂದು ಆತ ಲೆಕ್ಕ ಏರಿಸಿದ. ಇನ್ನೊಂದು ತೊಡಕು ಆಕೆಯ ವಯಸ್ಸಿನದು. ಕ್ರಿ.ಪೂ. 599ರಲ್ಲಿ ದೊರೆಯನ್ನು ಕೊಲ್ಲುವಷ್ಟು ಬೆಳೆದ ಮಗನಿದ್ದನೆಂದರೆ, ವುಚೆನ್ ಜೊತೆ ಹೊರಟಾಗ ಆಕೆ ನಲವತ್ತು ದಾಟಿರಲೇಬೇಕು. ಆಮೇಲೂ ಒಂದು ಮಗು. ಇದು ಅಸಾಧ್ಯವೇನಲ್ಲ. ಆದರೆ ಜನರ ಕಲ್ಪನೆಗೆ ಅಷ್ಟು ಸರಳ ಉತ್ತರ ರುಚಿಸಲಿಲ್ಲ. ಎಂದೂ ಮುಪ್ಪಾಗದ ವಿದ್ಯೆ ಕಲಿತವಳು ಎಂಬ ಕತೆ ಹುಟ್ಟಿತು. ಕೊನೆಗೆ ಒಂದು ಕಾಮಪ್ರಧಾನ ಕಾದಂಬರಿಯ ನಾಯಕಿಯೂ ಆದಳು.

ಜಪಾನಿನ ಲೇಖಕರಿಗೆ ಇದೆಲ್ಲ ಹೊರಗಿನ ಸರಕಲ್ಲ. ನಮ್ಮಲ್ಲಿ ಸಂಸ್ಕೃತ ಹೇಗೋ ಅಲ್ಲಿ ಹಳೆಯ ಚೀನೀ ಭಾಷೆ ಹಾಗೆ. ಚೀನೀ ಮೂಲಪಾಠದ ಪಕ್ಕದಲ್ಲಿ ಸಣ್ಣ ಗುರುತುಗಳನ್ನು ಹಾಕಿಕೊಂಡು, ಪದಗಳನ್ನು ಹಿಂದೆಮುಂದೆ ಮಾಡಿ, ಜಪಾನೀ ಭಾಷೆಯಂತೆಯೇ ಓದಿಬಿಡುವ ಪದ್ಧತಿ ಶತಮಾನಗಳಿಂದ ಇದೆ, ಇಂದಿನ ಪ್ರೌಢಶಾಲೆಯ ಪಠ್ಯದಲ್ಲೂ ಇದೆ. ಆಧುನಿಕ ಜಪಾನಿನ ದೊಡ್ಡ ಚಿಂತಕ ಫುಕುಜಾವಾ ಯುಕಿಚಿ ತಾನು ಹುಡುಗನಾಗಿದ್ದಾಗ 'ಜುವೊ ಜುವಾನ್' ಗ್ರಂಥವನ್ನು ಹನ್ನೊಂದು ಬಾರಿ ಪೂರ್ತಿ ಓದಿದ್ದಾಗಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಶಿಯಾ ಜಿಯನ್ನು ಅಲ್ಲಿನವರು ಅದೇ ಎರಡು ಅಕ್ಷರಗಳನ್ನು ಬಳಸಿ ಕಾಕಿ ಎಂದು ಓದುತ್ತಾರೆ.

ಇಬ್ಬರಲ್ಲಿ ಮೊದಲನೆಯವರು ನಾಕಾಜಿಮಾ ಅತ್ಸುಶಿ. 1909ರಲ್ಲಿ ಹುಟ್ಟಿದ ಇವರದು ಚೀನೀ ಪಾಂಡಿತ್ಯದ ಮನೆತನ. ಯೊಕೊಹಾಮಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಷ್ಟರಾಗಿದ್ದರು. 1941ರಲ್ಲಿ ಪಲಾವು ದ್ವೀಪಕ್ಕೆ ಪಠ್ಯಪುಸ್ತಕದ ಕೆಲಸಕ್ಕೆ ಹೋಗಿ ಮರುವರ್ಷ ಮರಳಿದರು. 1942ರ ಡಿಸೆಂಬರಿನಲ್ಲಿ ಉಬ್ಬಸದಿಂದ ತೀರಿಕೊಂಡಾಗ ವಯಸ್ಸು ಮೂವತ್ತಮೂರು. ಮನುಷ್ಯ ಹುಲಿಯಾಗುವ ಅವರ 'ಸಾಂಗೆತ್ಸುಕಿ' ಕತೆಯನ್ನು ಶಾಲೆಯಲ್ಲಿ ಓದದ ಜಪಾನೀಯರು ವಿರಳ. ಶಿಯಾ ಜಿಯ ಬಗ್ಗೆ ಅವರು ಬರೆದ ಕಿರುಗತೆ 'ಯೋಫುನ್‌ರೋಕು' ಅಷ್ಟು ಪ್ರಸಿದ್ಧವಲ್ಲ. ಹೆಸರಿನ ಅರ್ಥ ಹೆಚ್ಚುಕಡಿಮೆ 'ಅಶುಭದ ಗಾಳಿಯ ದಾಖಲೆ' ಎಂದು.

ಹೆಸರು ನೋಡಿ ಮಾಯಾವಿನಿಯನ್ನು ನಿರೀಕ್ಷಿಸಿದವರಿಗೆ ಮೊದಲ ಸಾಲುಗಳಲ್ಲೇ ಆಶ್ಚರ್ಯ ಕಾದಿದೆ. ನಾಕಾಜಿಮಾರ ಶಿಯಾ ಜಿ ಮಾತು ಕಡಿಮೆಯ, ತೀರ ಸಂಕೋಚದ ಹೆಂಗಸು. ಸುಂದರಿ ಹೌದು, ಆದರೆ ಚಲನೆ ಕಡಿಮೆ. ಮರದ ಗೊಂಬೆಯಂಥ ಆ ಚೆಲುವು ಒಮ್ಮೊಮ್ಮೆ ಪೆದ್ದುತನದಂತೆಯೂ ಕಾಣುತ್ತದೆ. ಸುತ್ತಲೂ ನಡೆಯುವ ಕೊಲೆ, ದಂಗೆ, ಯುದ್ಧಗಳನ್ನು ಆಕೆ ಅಚ್ಚರಿಯ ಕಣ್ಣುಗಳಿಂದ ನೋಡುತ್ತಾಳೆ. ಇದೆಲ್ಲ ತನ್ನಿಂದ ಆಗುತ್ತಿದೆ ಎಂಬ ಅರಿವೇ ಇದ್ದಂತಿಲ್ಲ.

ಇದು ಲೇಖಕ ಆಕೆಗೆ ಮಾಡಿದ ಉಪಕಾರವೋ ಅಪಕಾರವೋ ಎಂದು ಕೇಳಬಹುದು. ಗೊಂಬೆ ಎಂದು ಕರೆಯುವುದು ಗೌರವವೇನಲ್ಲ. ಆದರೆ ಮೂಲ ಗ್ರಂಥವನ್ನು ಪಕ್ಕದಲ್ಲಿಟ್ಟು ಓದಿದರೆ ನಾಕಾಜಿಮಾ ಎಷ್ಟು ಪ್ರಾಮಾಣಿಕರು ಎಂಬುದು ಗೊತ್ತಾಗುತ್ತದೆ. ಗ್ರಂಥ ಆಕೆಗೆ ಮಾತು ಕೊಟ್ಟಿಲ್ಲ, ಇವರೂ ಹೆಚ್ಚಾಗಿ ಕೊಡುವುದಿಲ್ಲ. ಆ ಮೌನವನ್ನೇ ಆಕೆಯ ಸ್ವಭಾವವಾಗಿ ಮಾಡುತ್ತಾರೆ. ಆಕೆ ಅಲುಗಾಡದೆ ಕುಳಿತಷ್ಟೂ ಸುತ್ತ ಓಡಾಡುವ ಗಂಡಸರ ಆತುರ, ಅಸೂಯೆ, ಜಂಬ ಎದ್ದು ಕಾಣುತ್ತವೆ. ಅಪಶಕುನ ಹೆಂಗಸಿನಲ್ಲಿಲ್ಲ, ಆಕೆಯನ್ನು ನೋಡುವವರ ಕಣ್ಣಲ್ಲಿದೆ ಎಂದು ಕತೆ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನನಗೆ ಅನ್ನಿಸಿದ್ದು ಹಾಗೆ.

ಎರಡನೆಯವರು ಮಿಯಾಗಿತಾನಿ ಮಾಸಾಮಿತ್ಸು. 1945ರಲ್ಲಿ ಐಚಿ ಪ್ರಾಂತ್ಯದ ಗಾಮಾಗೋರಿ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದವರು. ಟೋಕಿಯೋದ ವಾಸೆಡಾ ವಿಶ್ವವಿದ್ಯಾಲಯದಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿ, ಊರಿಗೆ ಮರಳಿ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತ ಬಹುಕಾಲ ಯಾರ ಕಣ್ಣಿಗೂ ಬೀಳದೆ ಬರೆದರು. ಕಂಚಿನ ಪಾತ್ರೆಗಳ ಮೇಲಿನ ಪ್ರಾಚೀನ ಚೀನೀ ಬರಹಗಳ ಅಧ್ಯಯನದ ಹುಚ್ಚು ಹಿಡಿದು, ಅದರಿಂದಲೇ ಕಾದಂಬರಿಯ ಭಾಷೆ ಹುಡುಕಿಕೊಂಡವರು. ಶಾಂಗ್ ವಂಶದ ಪತನದ ಬಗೆಗಿನ ಕಾದಂಬರಿಯನ್ನು 1988ರಲ್ಲಿ ತಾವೇ ಅಚ್ಚುಹಾಕಿಸಿದ್ದರು. 1991ರಲ್ಲಿ ಒಂದು ಸಣ್ಣ ಪ್ರಕಾಶನದಿಂದ 'ಕಾಕಿ ಶುಂಜು' ಬಂತು. ಅದೇ ವರ್ಷ ಅದಕ್ಕೆ ನಾವೊಕಿ ಪ್ರಶಸ್ತಿಯೂ ಬಂತು. ಜನಪ್ರಿಯ ಕಥಾಸಾಹಿತ್ಯಕ್ಕೆ ವರ್ಷಕ್ಕೆರಡು ಬಾರಿ ಕೊಡುವ ಈ ಪ್ರಶಸ್ತಿ ಒಬ್ಬ ಲೇಖಕನ ಹಣೆಬರಹವನ್ನೇ ಬದಲಿಸಬಲ್ಲದು, ಇಲ್ಲೂ ಹಾಗೇ ಆಯಿತು. ಆಗ ಅವರಿಗೆ ನಲವತ್ತಾರು.

ಹೆಸರಿನಲ್ಲೊಂದು ಚಮತ್ಕಾರವಿದೆ. ಶಿಯಾ ಎಂಬ ಅಕ್ಷರಕ್ಕೆ ಬೇಸಿಗೆ ಎಂಬ ಅರ್ಥವೂ ಇದೆ. 'ಶುಂಜು' ಎಂದರೆ ವಸಂತ ಮತ್ತು ಶರತ್ತು, ಅಂದರೆ ವರ್ಷಗಳ ದಾಖಲೆ, ಆ ಕಾಲಘಟ್ಟದ ಹೆಸರೂ ಅದೇ. ಚಳಿಗಾಲವೊಂದನ್ನು ಬಿಟ್ಟು ಉಳಿದ ಋತುಗಳೆಲ್ಲ ಪುಸ್ತಕದ ಬೆನ್ನ ಮೇಲಿವೆ.

ಮಿಯಾಗಿತಾನಿ ಕತೆಯನ್ನು ಚೆನ್ ರಾಜ್ಯದ ಹಗರಣದಿಂದ ಆರಂಭಿಸುವುದಿಲ್ಲ. ಹಿಂದಕ್ಕೆ, ತವರಾದ ಝೆಂಗ್‌ಗೆ ಹೋಗುತ್ತಾರೆ. ಉತ್ತರದ ಜಿನ್, ದಕ್ಷಿಣದ ಚು ಎಂಬ ಎರಡು ಬೀಸುಕಲ್ಲುಗಳ ನಡುವೆ ಸಿಕ್ಕ ಪುಟ್ಟ ರಾಜ್ಯ ಅದು. ಈ ವರ್ಷ ಒಬ್ಬನಿಗೆ ಕಪ್ಪ, ಮುಂದಿನ ವರ್ಷ ಇನ್ನೊಬ್ಬನಿಗೆ. ಒಂಟಿಯಾಗುವ ಭಯದಿಂದ ದೊರೆ ಮಗಳನ್ನು ಚೆನ್ ರಾಜಮನೆತನಕ್ಕೆ ಕೊಡುತ್ತಾನೆ. ಇಲ್ಲಿಗೇ ಆರೋಪಪಟ್ಟಿಯ ಅಡಿಪಾಯ ಸಡಿಲವಾಗುತ್ತದೆ. ರಾಜ್ಯಗಳನ್ನು ಕೆಡಿಸಿದವಳೆಂದು ಬರೆಸಿಕೊಂಡವಳು ಕಾದಂಬರಿಯಲ್ಲಿ ಮೊದಲು ಕಾಣುವುದು ರಾಜ್ಯ ಉಳಿಸಲು ಬಿಟ್ಟುಕೊಟ್ಟ ವಸ್ತುವಾಗಿ. ನಂತರದ ಪ್ರತಿ ಕೈಬದಲಾವಣೆಯೂ ಆ ಕಾಲದ ರಾಜಕೀಯದ ಲೆಕ್ಕದಲ್ಲೇ ನಡೆಯುತ್ತದೆ. ಅಷ್ಟರ ಮಟ್ಟಿಗೆ ಇದು ಹೆಣ್ಣಿನ ಕತೆಯೋ ಝೆಂಗ್, ಚೆನ್, ಚು ರಾಜ್ಯಗಳ ಕತೆಯೋ ಎಂಬ ಅನುಮಾನವೂ ಬರುತ್ತದೆ. ಭೈರಪ್ಪನವರ 'ಪರ್ವ' (1979) ಓದಿದವರಿಗೆ ಈ ದಾರಿ ತೀರ ಅಪರಿಚಿತವಲ್ಲ. ಪವಾಡವನ್ನೂ ಶಾಪವನ್ನೂ ಕಳಚಿ ಅದರಡಿಯ ಮನುಷ್ಯ ವ್ಯವಹಾರವನ್ನು ನೋಡುವುದು ಎರಡು ಕಡೆಯೂ ಇದೆ.

ಆದರೂ ಒಂದು ತಕರಾರು ಇದೆ. ವುಚೆನ್ ಪಟ್ಟಿಯ ಮೊದಲ ಹೆಸರು, ಅಕಾಲದಲ್ಲಿ ಸತ್ತ ಜಿಮಾನ್, ಯಾರು? ಅಣ್ಣ ಎಂದು ಕೆಲವು ಟೀಕಾಕಾರರು, ಮೊದಲ ಗಂಡ ಎಂದು ಇನ್ನು ಕೆಲವರು. ಮಿಯಾಗಿತಾನಿ ಹುಡುಗಿ ಶಿಯಾ ಜಿಯನ್ನು ಅಣ್ಣನ ಪ್ರೇಯಸಿಯನ್ನಾಗಿ ಚಿತ್ರಿಸುತ್ತಾರೆ. ಗ್ರಂಥದಲ್ಲಿ ಇರುವುದು ಆಕೆಯಿಂದ ಅವನು ಬೇಗ ಸತ್ತ ಎಂಬ ಒಂದು ತುಣುಕು ಮಾತ್ರ. ಅದನ್ನು ಹೇಳಿದವನೂ ಆಕೆಯನ್ನು ಬೇರೆಯವರಿಗೆ ಸಿಗದಂತೆ ಮಾಡಲು ಹೊರಟವನು. ಪಟ್ಟಿಯನ್ನು ಅಲುಗಾಡಿಸಲು ಹೊರಟ ಕಾದಂಬರಿ ಅದೇ ಪಟ್ಟಿಯ ಅತ್ಯಂತ ದುರ್ಬಲ ಸಾಲನ್ನು ನಂಬಿ ದೊಡ್ಡದೊಂದು ಪ್ರಕರಣ ಕಟ್ಟಿತಲ್ಲ ಎನ್ನಿಸುತ್ತದೆ. ಈ ವಿಷಯದಲ್ಲಿ ಏನನ್ನೂ ಸೇರಿಸದ ನಾಕಾಜಿಮಾರೇ ಹೆಚ್ಚು ಎಚ್ಚರದವರು. ಹಾಗೆಂದು, ಎರಡು ಸಂಪುಟ ಬರೆಯುವವನಿಗೆ ಆ ಎಚ್ಚರ ಕಟ್ಟುಬೀಳುತ್ತದೆಯೇ? ಬಾಲ್ಯವಿಲ್ಲದ ಹೆಂಗಸನ್ನು ಓದುಗ ಎಷ್ಟು ಪುಟ ಹಿಂಬಾಲಿಸಿಯಾನು?

ಮಿಯಾಗಿತಾನಿ ಗೆದ್ದಿರುವುದು ವುಚೆನ್ ಪಾತ್ರದಲ್ಲಿ. ಗ್ರಂಥ ಓದುವಾಗ ಈತ ಶುದ್ಧ ಕಪಟಿಯಂತೆ ಕಾಣುತ್ತಾನೆ: ದೊರೆಗೆ ನೀತಿ ಹೇಳಿದ, ಗೆಳೆಯನಿಗೆ ಭಯ ಹುಟ್ಟಿಸಿದ, ತಾನು ಹೊಡೆದುಕೊಂಡು ಹೋದ. ಆದರೆ ಲಾಭದ ಲೆಕ್ಕ ಹಾಕುವ ಕಪಟಿ ಒಂಬತ್ತು ವರ್ಷ ಕಾಯುತ್ತಾನೆಯೇ? ನಡುವಯಸ್ಸಿನ, ಮೂರು ಮನೆ ಕಂಡು ಮಗನನ್ನು ಕಳೆದುಕೊಂಡ ವಿಧವೆಗಾಗಿ ಕುಲವನ್ನೇ ಪಣಕ್ಕಿಡುತ್ತಾನೆಯೇ? ಅಪಶಕುನದ ಪಟ್ಟಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು, ಅದನ್ನು ತಾನು ಮಾತ್ರ ನಂಬದವನು. ಆಕೆಯನ್ನು ಕೊಟ್ಟವರು, ಕೊಂಡವರು, ಗೆದ್ದವರ ನಡುವೆ ಮುಂಚಿತವಾಗಿ ಹೇಳಿಕಳಿಸಿ, ಹೊರಡುವ ಹೆಜ್ಜೆಯನ್ನು ಆಕೆಗೇ ಬಿಟ್ಟವನು ಇವನೊಬ್ಬ. ಕಾದಂಬರಿ ಇವರಿಬ್ಬರ ಕೂಟವನ್ನು ಅಪಹರಣವಾಗಿ ಅಲ್ಲ, ಆಕೆಯ ಬಿಡುಗಡೆಯಾಗಿ ನೋಡುತ್ತದೆ. ಮೂಲ ಗ್ರಂಥದ ಸಾಲುಗಳು ಅದಕ್ಕೆ ಅಡ್ಡಿಬರುವುದಿಲ್ಲ.

ಉಳಿದದ್ದು ಆ ಹೆಣದ ವಿಷಯ. ಜಿನ್‌ನವರು ಸೆರೆಯಾಳಿನ ಬದಲಿಗೆ ಹೆಣ ಕೊಟ್ಟಾರು ಎಂದು ವುಚೆನ್ ದೊರೆಗೆ ಹೇಳಿದ್ದು ನೆಪಕ್ಕೆ. ಆದರೆ 'ಜುವೊ ಜುವಾನ್' ಕ್ರಿ.ಪೂ. 588ರ ವಿವರಗಳಲ್ಲಿ, ಬೇರೆ ಯಾವುದೋ ಸುದ್ದಿ ಹೇಳುತ್ತ, ಜಿನ್ ರಾಜ್ಯ ಆ ಗಣ್ಯನನ್ನು ಬಿಡಿಸಿಕೊಳ್ಳಲು ಚು ರಾಜಕುಮಾರನೊಬ್ಬನನ್ನೂ ಶಿಯಾಂಗ್ ಲಾವ್‌ನ ಹೆಣವನ್ನೂ ಹಿಂದಿರುಗಿಸಿತು ಎಂದು ಬರೆಯುತ್ತದೆ. ಹೆಣ ಚುಗೆ ಬಂತು. ಅದಿಲ್ಲದೆ ಮರಳುವುದಿಲ್ಲವೆಂದು ಹೇಳಿ ಹೋದವಳು ಆ ಹೊತ್ತಿಗೆ ಜಿನ್‌ನಲ್ಲಿ ಸಂಸಾರ ಹೂಡಿ ಒಂದು ವರ್ಷವಾಗಿತ್ತು.